ಒರೊಜಾಲಿಯ ಬಲಗೈ

ಬುರುಲ್ ಹೊಲಿದದ್ದನ್ನೆಲ್ಲ ಒಲೆ ತಿಂದಿತು. ಕೆಲಸ ಕಲಿಯಲು ಬಂದ ಮೊದಲ ವರ್ಷ ಅವಳು ಮಾಡಿದ ಬೀಗದಕೈ ಪಟ್ಟಿ, ಕನ್ನಡಿ ಚೀಲ, ಚಾಕುವಿನ ಒರೆ, ನಶ್ಯದ ಬುರುಡೆಯ ಕವಚ, ಯಾವುದೂ ಒರೊಜಾಲಿಯ ಹೊಸ್ತಿಲು ದಾಟಿ ಹೊರಗೆ ಬರಲಿಲ್ಲ. ಮುದುಕನ ಪರೀಕ್ಷೆ ಒಂದೇ. ಮುಗಿದ ವಸ್ತುವನ್ನು ತೊಡೆಯ ಮೇಲಿಟ್ಟುಕೊಂಡು, ಸಾಲಿನ ನಟ್ಟನಡುವಿನ ಒಂದು ಹೊಲಿಗೆಯನ್ನು ಚಾಕುವಿನ ಮೊನೆಯಿಂದ ಕತ್ತರಿಸುತ್ತಿದ್ದ. ಆಮೇಲೆ ಎರಡೂ ಕಡೆ ಹಿಡಿದು ಜಗ್ಗುತ್ತಿದ್ದ. ಪಕ್ಕದ ಹೊಲಿಗೆ ಅಲುಗಾಡಿತೋ, ಮುಗಿಯಿತು, ಬೆರಣಿ ಉರಿಯುವ ಒಲೆಯ ಬಾಯಿಗೆ. ತೊಗಲು ಸುಟ್ಟ ನಾತ ಮನೆಯೆಲ್ಲ ಸುತ್ತುತ್ತಿತ್ತು.

ಹೆಂಡತಿ ಬಾತ್ಮಾ ತಲೆವಸ್ತ್ರದ ತುದಿಯನ್ನು ಮೂಗಿಗೆ ಒತ್ತಿಕೊಂಡು ಒಳಗಿನಿಂದ ಕೂಗುತ್ತಿದ್ದಳು. "ಮತ್ತೆ ಸುಟ್ರಾ? ಈ ನಾತಕ್ಕೆ ಕೊಟ್ಟಿಗೇಲಿರೋ ಕುರಿನೂ ಕೆಮ್ಮುತ್ತೆ. ಪಾಪದ ಹೆಣ್ಣು, ಒಂದಾದ್ರೂ ಮನೆಗೆ ತಗೊಂಡು ಹೋಗ್ಲಿ ಬಿಡಿ."

"ಇವತ್ತು ಮನೆಗೆ ಹೋದ್ರೆ ನಾಳೆ ಯಾವನದೋ ಕುದುರೆ ಕುತ್ತಿಗೇಲಿರುತ್ತೆ, ನಾಡಿದ್ದು ಹಳ್ಳದಲ್ಲಿರುತ್ತೆ. ಅವನು ಬಂದು ಉಗಿಯೋದು ನನ್ನ ಮುಖಕ್ಕೆ ಕಣೇ, ನಿನ್ನ ಮುಖಕ್ಕಲ್ಲ."

ಬುರುಲ್ ಸುಡುತ್ತಿದ್ದುದನ್ನು ನೋಡುತ್ತ ಕೂತಿದ್ದು, ಮತ್ತೊಂದು ತುಂಡು ತೊಗಲನ್ನು ಹಾಲೊಡೆದ ನೀರಿನ ಬೋಗುಣಿಗೆ ನೆನೆಹಾಕುತ್ತಿದ್ದಳು.

ಅವಳು ತೆರೆಕ್-ಬುಲಾಕ್ ಎಂಬ ಆ ಬೆಟ್ಟದೂರಿನವಳೇ. ಅಪ್ಪ ಸರಕಾರಿ ಸಾಮೂಹಿಕ ಬೇಸಾಯದ ಕುರಿ ಕಾಯುತ್ತಿದ್ದವನು, ಅದು ಮುಚ್ಚಿದ ಮೇಲೆ ಅವರಿವರ ಕುರಿ ಕಾಯುತ್ತ ಸತ್ತ. ಬುರುಲ್‌ಳನ್ನು ಪಕ್ಕದ ಕಣಿವೆಗೆ ಮದುವೆ ಮಾಡಿಕೊಟ್ಟಿದ್ದರು. ಗಂಡ ದುಡಿಯಲು ರಷ್ಯಾಕ್ಕೆ ಹೋದವನು ಅಲ್ಲೇ ಇನ್ನೊಬ್ಬಳ ಮನೆ ಸೇರಿಕೊಂಡ. ಮಕ್ಕಳಾಗಿರಲಿಲ್ಲ. ಅತ್ತೆ ಒಂದು ದಿನ ಚಹಾ ಕೊಟ್ಟು, "ಇನ್ನು ನೀನು ಇಲ್ಲಿ ಯಾವ ಲೆಕ್ಕಕ್ಕಮ್ಮ" ಎಂದಳು. ಬೈಗುಳವೂ ಅಲ್ಲ, ಜಗಳವೂ ಅಲ್ಲ, ಸುಮ್ಮನೆ ಕೇಳಿದ ಹಾಗೆ. ಬುರುಲ್ ಚಹಾ ಕುಡಿದು ಬಟ್ಟಲು ತೊಳೆದಿಟ್ಟು ಹೊರಟಳು. ಅವಳೂ ಮಾಸ್ಕೋಗೆ ಹೋದಳು.

ಮಾಸ್ಕೋ ಎಂದರೆ ಅವಳಿಗೆ ಒಂದು ನೆಲಮಾಳಿಗೆ. ಸಾಲಾಗಿ ಹೊಲಿಗೆ ಯಂತ್ರಗಳು, ಆರಿಸದ ದೀಪ, ಗೋಡೆಯುದ್ದಕ್ಕೂ ತೊಟ್ಟಿಕ್ಕುವ ನೀರಿನ ಕೊಳವೆ. ಹಗಲು ಯಂತ್ರದ ಮುಂದೆ, ರಾತ್ರಿ ಅದೇ ಮೇಜಿನ ಕೆಳಗೆ. ಪಾಸ್‌ಪೋರ್ಟು ಯಜಮಾನನ ಪೆಟ್ಟಿಗೆಯಲ್ಲಿ. ಪೊಲೀಸರು ಬಂದ ದಿನ ಬಾಗಿಲಿಗೆ ಹೊರಗಿನಿಂದ ಬೀಗ, ಒಳಗಿದ್ದವರು ಕೆಮ್ಮುವ ಹಾಗೂ ಇಲ್ಲ. ಅಲ್ಲಿ ಎಷ್ಟು ಹೆಂಗಸರ ಕೋಟು ಹೊಲಿದಳೋ, ಒಂದನ್ನೂ ಯಾರೂ ಹಾಕಿಕೊಂಡದ್ದನ್ನು ನೋಡಲಿಲ್ಲ. ಚಳಿಗೂ ತೇವಕ್ಕೂ ಯಂತ್ರದ ನಡುಕಕ್ಕೂ ಬಲಗೈಯ ಹೆಬ್ಬೆರಳು, ತೋರುಬೆರಳು ಸತ್ತಂತಾದವು. ಕುದಿಯುವ ಚಹಾದ ಬಟ್ಟಲು ಹಿಡಿದರೂ ಗೊತ್ತಾಗದು. ಬೆರಳಿಗೆ ಸೂಜಿ ಹೊಕ್ಕಿದ್ದು ಬಟ್ಟೆಯ ಮೇಲಿನ ರಕ್ತ ನೋಡಿ ತಿಳಿಯುತ್ತಿತ್ತು. ಬಿಳಿ ಕೋಟೊಂದು ಹಾಗೆ ಕೆಟ್ಟ ದಿನ ಯಜಮಾನ ಪಾಸ್‌ಪೋರ್ಟನ್ನು ಅವಳ ಮೇಲೆ ಎಸೆದ.

ಊರಿಗೆ ಬಂದಾಗ ಅಪ್ಪನ ಮನೆಯ ಕಿಟಕಿಗಳಿಗೆ ಗಾಜಿರಲಿಲ್ಲ. ಜನ ಅವಳನ್ನು 'ಮಾಸ್ಕೋದವಳು' ಎಂದರು.

ಒರೊಜಾಲಿ ಸಿಕ್ಕಿದ್ದು ಅಂಗಡಿಯ ಕಟ್ಟೆಯ ಮೇಲೆ. ಆ ಸೀಮೆಗೆಲ್ಲ ಕುದುರೆ ಜೀನು ಮಾಡುವ ಉಸ್ತಾ ಅವನೊಬ್ಬನೇ ಉಳಿದಿದ್ದ. ಪಕ್ಕದಲ್ಲಿ ಕುದುರೆ ವ್ಯಾಪಾರದ ತೊಲೊಗೊನ್ ಕೂತು ಸೂರ್ಯಕಾಂತಿ ಬೀಜ ಉಗುಳುತ್ತಿದ್ದ. ಬುರುಲ್ ಹೆಗಲಿಗೆ ಈರುಳ್ಳಿ ತುಂಬಿದ ತೊಗಲ ಚೀಲ ಹಾಕಿಕೊಂಡು ಹೊರಬಂದಳು. ಹಿಡಿಯನ್ನು ಮಾಸ್ಕೋದಲ್ಲಿ ತಾನೇ ಯಂತ್ರದಲ್ಲಿ ಹೊಲಿದು ಸರಿಮಾಡಿದ್ದಳು.

"ಇದನ್ನ ಯಾರು ಹೊಲ್ದಿದ್ದು?" ಮುದುಕ ಕೇಳಿದ.

"ನಾನೇ."

ಅವನು ಎದ್ದು ಬಂದು, ಹೇಳದೆ ಕೇಳದೆ, ಸೊಂಟದ ಚಾಕು ತೆಗೆದು ಒಂದು ಹೊಲಿಗೆ ಕತ್ತರಿಸಿ ಜಗ್ಗಿದ. ಸರ್ರೆಂದು ಇಡೀ ಹಿಡಿ ಕಿತ್ತುಬಂತು. ಈರುಳ್ಳಿ ಬೀದಿಗೆಲ್ಲ ಉರುಳಿತು.

ತೊಲೊಗೊನ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಉಸ್ತಾ, ಹೆಂಗಸರ ಚೀಲ ಬಿಚ್ಚೋ ವಯಸ್ಸಾ ಇದು ನಿಮ್ದು?"

"ಯಂತ್ರದ ಹೊಲಿಗೆ ಕಣೋ. ಒಂದು ಸತ್ರೆ ಎಲ್ಲಾ ಸಾಯ್ತವೆ," ಎಂದು ಮುದುಕ ಚಾಕುವನ್ನು ಒರೆಗೆ ತುರುಕಿದ.

ಬುರುಲ್ ಬಗ್ಗಿ ಒಂದೊಂದೇ ಈರುಳ್ಳಿ ಆಯ್ದುಕೊಂಡಳು. ಸಿಟ್ಟಿನಿಂದ ಮುಖ ಕೆಂಪಾಗಿತ್ತು. "ಹಾಗಾದ್ರೆ ಬಿಚ್ಚದ ಹಾಗೆ ಹೊಲಿಯೋದು ಕಲಿಸಿ. ಕಿತ್ತು ಹಾಕೋಕೆ ಎಲ್ಲರಿಗೂ ಬರುತ್ತೆ."

ಜೀನಿನ ಕೆಲಸ ಗಂಡಸರದು. ಹೆಂಗಸರದು ಉಣ್ಣೆಯ ಜಮಖಾನೆ. ಆದರೆ ಒರೊಜಾಲಿಗೆ ಕಲಿಯಲು ಯಾರಿದ್ದರು? ಹಿರಿಮಗ ಜೀಪಿನೊಂದಿಗೆ ಹೊಳೆಗೆ ಬಿದ್ದು ಸತ್ತಿದ್ದ, ಕಿರಿಯವನು ರಾಜಧಾನಿ ಬಿಶ್ಕೆಕ್‌ನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ. ಚೀನಾದ ಪ್ಲಾಸ್ಟಿಕ್ ಜೀನು ಬಂದ ಮೇಲೆ ಊರ ಹುಡುಗರು ಇವನ ಕಡೆ ತಲೆಹಾಕಿಯೂ ಮಲಗಿರಲಿಲ್ಲ. ತೊಗಲನ್ನು ಕೇಳುವವರೇ ಇಲ್ಲ. ಹಬ್ಬಕ್ಕೆ ಕೊಯ್ದ ದನದ ಹಸಿ ಚರ್ಮ ಊರಾಚೆಯ ತಿಪ್ಪೆಯಲ್ಲಿ ರಾಶಿ ಬೀಳುತ್ತಿತ್ತು, ನಾಯಿಗಳಿಗೂ ಎಳೆದೆಳೆದು ಬೇಸರವಾಗಿತ್ತು. ಬುರುಲ್ ಕೈಗಾಡಿ ತಳ್ಳಿಕೊಂಡು ಹೋಗಿ, ಹುಳ ಬೀಳದ್ದನ್ನು ಆರಿಸಿ, ಉಪ್ಪು ಸವರಿ ತರುತ್ತಿದ್ದಳು. ಹುಳಿ ಮಜ್ಜಿಗೆ, ಬಾರ್ಲಿ ಹಿಟ್ಟು ಹಚ್ಚಿ, ಕೂದಲು ಕೆರೆದು, ಮುದುಕ ತೋರಿಸಿದ ಹಾಗೆ ಹದ ಮಾಡುತ್ತಿದ್ದಳು. ಅವಳ ಮೈಯಿಂದ ಬರುತ್ತಿದ್ದ ವಾಸನೆಗೆ ಅಂಗಡಿಯವಳು ಚಿಲ್ಲರೆಯನ್ನು ಕೈಗೆ ಕೊಡದೆ ಹಲಗೆಯ ಮೇಲೆ ಇಡುತ್ತಿದ್ದಳು.

ದಾರ ಎಂದರೆ ದನದ ಬೆನ್ನಿನ ನರ. ಒಣಗಿಸಿ, ಕಲ್ಲಿನಿಂದ ಜಜ್ಜಿ, ಉಗುರಿನಿಂದ ಎಳೆ ಬಿಡಿಸಿ, ಬಾಯಲ್ಲಿ ಅಗಿದು ಒದ್ದೆ ಮಾಡಿ, ಬರಿ ತೊಡೆಯ ಮೇಲೆ ಹೊಸೆಯಬೇಕು. ಮರದ ಹಿಡಿಯ ದಬ್ಬಳದಿಂದ ತೂತು. ಒಂದೇ ತೂತಿನಲ್ಲಿ ಆ ಕಡೆಯಿಂದೊಂದು ತುದಿ, ಈ ಕಡೆಯಿಂದೊಂದು ತುದಿ, ನಡುವೆ ಒಂದನ್ನೊಂದು ಹಾದು, ಎರಡೂ ಕೈಯಿಂದ ಒಂದೇ ಬಿಗಿಯಲ್ಲಿ ಎಳೆಯಬೇಕು. ಆಗ ಪ್ರತಿ ಹೊಲಿಗೆಯೂ ತನ್ನ ಕಾಲಮೇಲೆ ತಾನು ನಿಲ್ಲುತ್ತದೆ. ಬುರುಲ್‌ಳ ಎಡಗೈ ಸರಿಯಾಗಿಯೇ ಎಳೆಯುತ್ತಿತ್ತು. ಸತ್ತ ಬೆರಳಿನ ಬಲಗೈಗೆ ಬಿಗಿ ಎಷ್ಟು, ಸಡಿಲು ಎಷ್ಟು ತಿಳಿಯುತ್ತಿರಲಿಲ್ಲ. ಒಂದು ಹೊಲಿಗೆ ತೊಗಲನ್ನು ಕೊಯ್ದುಬಿಡುತ್ತಿತ್ತು, ಮುಂದಿನದು ಜೋತುಬೀಳುತ್ತಿತ್ತು.

"ನಿನ್ನ ಕೈ ಕಿವುಡು," ಎಂದ ಒರೊಜಾಲಿ.

"ಗೊತ್ತು."

"ಗೊತ್ತಿದ್ದೂ ಯಾಕೆ ಅದನ್ನೇ ಕೇಳ್ತೀಯ? ಕಿವೀಲಿ ಹೊಲಿ."

ತಮಾಷೆ ಅಂದುಕೊಂಡಳು. ಆದರೆ ಮುದುಕ ತಾನೇ ಒಂದು ಹೊಲಿಗೆ ಹಾಕಿ, ತೊಗಲನ್ನು ಅವಳ ಕಿವಿಯ ಹತ್ತಿರ ಹಿಡಿದು ದಾರ ಎಳೆದ. ಒದ್ದೆ ನರ ತೊಗಲೊಳಗೆ ಜಾರುತ್ತ ಜಾರುತ್ತ ಕೊನೆಗೆ ಕಿರ್ ಎಂದು ಸಣ್ಣಗೆ ಕಿರುಗುಟ್ಟಿತು. ಅಲ್ಲಿಗೆ ನಿಲ್ಲಿಸಬೇಕು. ಬುರುಲ್ ಅಂದಿನಿಂದ ತಲೆ ವಾಲಿಸಿ, ಹಾಲು ಕುಡಿಯುವ ಕೂಸಿಗೆ ಕಿವಿಗೊಟ್ಟವಳ ಹಾಗೆ ಕೂತು ಹೊಲಿದಳು. ಕತ್ತು ಒಂದು ಕಡೆಗೆ ಹಿಡಿದುಕೊಂಡು ಹಾಗೆಯೇ ಉಳಿಯಿತು.

ಅಚ್ಚೊತ್ತುವುದು ಅದಕ್ಕಿಂತ ಸುಲಭವಾಗಿತ್ತು, ಅವಳು ಆತುರಪಡದಿದ್ದರೆ. ನೆನೆದ ತೊಗಲನ್ನು ಟಗರಿನ ಕೊಂಬಿನ ಸುರುಳಿ ಕೆತ್ತಿದ ಮರದ ಅಚ್ಚಿಗೆ ಒತ್ತಿ, ಮೂಳೆಯ ಕಡ್ಡಿಯಿಂದ ಗೆರೆ ತಿದ್ದಿ, ಕಲ್ಲು ಹೇರಿ ಬಿಡಬೇಕು. ಒಮ್ಮೆ ಬೇಗ ಮೆತ್ತಗಾಗಲಿ ಎಂದು ಬಿಸಿನೀರು ಹೊಯ್ದಳು. ತೊಗಲು ಮುದುಡಿ ಹಂದಿಯ ಕಿವಿಯ ಹಾಗಾಯಿತು.

"ಸೂಪು ಮಾಡೋಕೆ ಹೊರಟ್ಯಾ?" ಎಂದ ಮುದುಕ. "ಬಾತ್ಮಾ, ಸ್ವಲ್ಪ ಆಲೂಗೆಡ್ಡೆ ತಾ. ಮಾಸ್ಕೋದವಳು ಊಟ ಹಾಕ್ತಾಳೆ."

ಎರಡನೆಯ ಚಳಿಗಾಲದಲ್ಲಿ ಒಂದು ತಾಯಿತದ ಚೀಲ ಮಾಡಿದಳು. ಮೂರು ಮೂಲೆಯದು, ಹೆಬ್ಬೆರಳಿನಷ್ಟು. ಮಜ್ಜಿಗೆ ನೀರಿನಲ್ಲಿ ತುಕ್ಕಿನ ಮೊಳೆ ಹಾಕಿ ಕಪ್ಪು ಮಾಡಿದ್ದು. ಒರೊಜಾಲಿ ನಡುವಿನ ಹೊಲಿಗೆ ಕತ್ತರಿಸಿದ. ಜಗ್ಗಿದ. ಇನ್ನೊಂದು ಕತ್ತರಿಸಿದ, ಒಂದು ಮೂಲೆಯನ್ನು ಕಾಲಿನಿಂದ ಅದುಮಿ ಜಗ್ಗಿದ. ಉಳಿದ ಹೊಲಿಗೆಗಳು ಮಿಸುಕಲಿಲ್ಲ. ಮುದುಕ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಅವಳ ಮಡಿಲಿಗೆ ಹಾಕಿದ.

"ಬಾತ್ಮಾ, ಚಹಾ ಕೊಡು."

ಅಷ್ಟೇ. ಬುರುಲ್ ಹೊರಗೆ ಹೋಗಿ ಮೂಗು ಸೀಟಿಕೊಂಡು ಬಂದು ಚಹಾ ಕುಡಿದಳು.

ಆಮೇಲೆ ಅವಳ ಕೈಯ ವಸ್ತುಗಳು ಹೊಸ್ತಿಲು ದಾಟತೊಡಗಿದವು. ತೊಟ್ಟಿಲ ಪಟ್ಟಿ, ತಾಯಿತ, ಕುದುರೆಯ ಕುತ್ತಿಗೆಪಟ್ಟಿ. ಉಸ್ತಾನ ಕಣ್ಣೆದುರು ಆದದ್ದು ಎಂದು ಜನ ಒಯ್ದರು. ತೊಲೊಗೊನ್ ಗಬ್ಬ ಕಟ್ಟಲಿ ಎಂದು ತನ್ನ ಹೆಣ್ಣು ಕುದುರೆಗೆ ಒಂದು ಪಟ್ಟಿ ಮಾಡಿಸಿಕೊಂಡು, "ಮರಿ ಹುಟ್ಲಿ, ಅದಕ್ಕೆ ಮಾಸ್ಕೋ ಅಂತಾನೇ ಹೆಸರಿಡ್ತೀನಿ," ಎಂದ. ಆದರೆ ಎಲ್ಲವೂ ಒರೊಜಾಲಿಯ ಹೆಸರಿನ ನೆರಳಲ್ಲಿ ಹೋಗುತ್ತಿದ್ದವು. ಗುರು ಎರಡೂ ಅಂಗೈ ಎತ್ತಿ ನಾಲ್ಕು ಜನರೆದುರು ಬಾತಾ ಕೊಡುವವರೆಗೆ, ಹರಸುವವರೆಗೆ, ಕಲಿತವರ ಕೈ ಕೈಯಲ್ಲ. ಬಾತಾ ಇಲ್ಲದವಳು ಕಟ್ಟಿದ ತಾಯಿತವನ್ನು ಯಾವ ತಾಯಿ ತೊಟ್ಟಿಲಿಗೆ ತೂಗುಹಾಕುತ್ತಾಳೆ? ಮುದುಕ ಹೋದ ಮರುದಿನ ಬುರುಲ್ ಮತ್ತೆ ಮಾಸ್ಕೋದವಳೇ. ಆ ಬಾತಾ ಸಿಕ್ಕರೆ ಊರಲ್ಲಿ ಉಳಿಯುತ್ತಾಳೆ, ಸಿಗದಿದ್ದರೆ ಮತ್ತೆ ಅದೇ ಮೇಜಿನ ಕೆಳಗೆ. ಬೇರೆ ದಾರಿ ಅವಳಿಗಿರಲಿಲ್ಲ.

"ಕುರಿಗಳು ಬೆಟ್ಟದಿಂದ ಇಳೀಲಿ," ಎಂದಿದ್ದ ಒರೊಜಾಲಿ. "ಒಂದು ಕೊಬ್ಬಿದ ಕುರಿ ತಾ. ಕೊಡ್ತೀನಿ."

ಬೇಸಿಗೆಯ ಮೇವಿಗೆ ಕುರಿಗಳು ಬೆಟ್ಟ ಹತ್ತುವ ಮೊದಲೇ ಮುದುಕನಿಗೆ ಲಕ್ವ ಹೊಡೆಯಿತು. ಬೆಳಿಗ್ಗೆ ಒಲೆಗೆ ಬೆರಣಿ ಹಾಕಲು ಬಗ್ಗಿದವನು ಅಲ್ಲೇ ಪಕ್ಕಕ್ಕೆ ವಾಲಿದ. ಮಾತು ಹೋಯಿತು. ಬಲಗಾಲು ಹೋಯಿತು. ಬಲಗೈ ಮೊಣಕೈಯಲ್ಲಿ ಮಡಚಿ, ಮಣಿಕಟ್ಟು ಒಳಕ್ಕೆ ತಿರುಚಿ, ಕೋಳಿಯ ಕಾಲಿನ ಹಾಗೆ ಎದೆಗೆ ಅಂಟಿಕೊಂಡಿತು. ಬುರುಲ್ ದಿನಾ ಬಂದು ಕುರಿಬಾಲದ ಕೊಬ್ಬು ಸವರಿ ಆ ಕೈ ತಿಕ್ಕುತ್ತಿದ್ದಳು. ಬೆರಳು ಬಿಡಿಸಬಹುದಿತ್ತು, ಒಂದೊಂದಾಗಿ. ಆದರೆ ಅಂಗೈ ಮೇಲಾಗುತ್ತಿರಲಿಲ್ಲ. ತಿರುಗಿಸಿ ಬಿಟ್ಟರೆ ಬಾಗಿಲ ಹಲಗೆಯ ಹಾಗೆ ಮತ್ತೆ ಮಗುಚಿಕೊಂಡು, ಕೈಯ ಬೆನ್ನು ಮೇಲಾಗುತ್ತಿತ್ತು. ಅದು ಅವಳಿಗೆ ಗೊತ್ತಿತ್ತು. ಅವಳಷ್ಟು ಚೆನ್ನಾಗಿ ಆ ಕೈ ಗೊತ್ತಿದ್ದವರು ಯಾರೂ ಇರಲಿಲ್ಲ.

ಇನ್ನೊಂದಾಗಿತ್ತು. ಮುದುಕ ಎಲ್ಲದಕ್ಕೂ ಅಳುತ್ತಿದ್ದ. ಚಹಾ ಬಂದರೆ ಅಳು. ಕುರಿ ಅರಚಿದರೆ ಅಳು. ತೊಲೊಗೊನ್ ಬಂದು ಪೋಲಿ ಕಥೆ ಹೇಳಿದರೆ ಗೊಳೋ ಎಂದು ಅಳು. ಲಕ್ವ ಹೊಡೆದವರಿಗೆ ಹೀಗಾಗುತ್ತದೆ, ಅದಕ್ಕೆ ಅರ್ಥವಿಲ್ಲ ಎಂದು ಆಸ್ಪತ್ರೆಯ ಹೆಣ್ಣುಮಗಳು ಹೇಳಿಹೋಗಿದ್ದಳು.

ಕುರಿಗಳು ಬೆಟ್ಟದಿಂದ ಇಳಿದವು. ಬುರುಲ್ ತನ್ನ ಗಾಜಿಲ್ಲದ ಮನೆಗೆ ಗಾಜು ಹಾಕಿಸದೆ ಕುರಿ ತಂದಳು.

"ಅವಸರ ಬೇಡ ಕಣೇ," ಎಂದಳು ಬಾತ್ಮಾ. ಮೂರು ವರ್ಷ ತನ್ನ ಪಾತ್ರೆಯಿಂದಲೇ ಇವಳಿಗೆ ಊಟ ಹಾಕಿದ್ದ ಮುದುಕಿ ಅವಳು. ಮಗಳಿಲ್ಲದ ಮನೆಗೆ ಮಗಳಾಗಿದ್ದಾಳೆ ಎಂದು ನೆರೆಯವರ ಹತ್ತಿರ ಹೇಳಿಕೊಳ್ಳುತ್ತಿದ್ದಳು. "ಕೈ ಇನ್ನೂ ಸರಿಯಾಗಿಲ್ಲ. ಊರ ಹಿರಿಯರು ಯಾರಾದ್ರೂ ಬಾತಾ ಹೇಳ್ಲಿ, ಇವರು ತಲೆ ಆಡಿಸ್ಲಿ. ಅದೂ ನಡೆಯುತ್ತೆ."

"ನಡೆಯಲ್ಲ ಅವ್ವ. ಉಸ್ತಾ ಕೊಡಲಿಲ್ಲ, ಯಾವನೋ ಕೊಟ್ಟ ಅಂತಾರೆ. ನಾಳೆ ಇವರಿಗೆ ಏನಾದ್ರೂ ಆದ್ರೆ?"

"ಬಾಯಿಗೆ ಮಣ್ಣು ಹಾಕ."

"ನನಗೆ ಇವರ ಕೈಯೇ ಬೇಕು."

ಒರೊಜಾಲಿ ಮೂಲೆಯಿಂದ ಎಡಗೈಯಲ್ಲಿ ನೆಲ ತಟ್ಟಿದ. ತಟ್ಟಿ ತಟ್ಟಿ ತಲೆಯಾಡಿಸಿದ. ಕೊಡುತ್ತೇನೆ ಎಂದೇ ಅದರ ಅರ್ಥವೆಂದು ಬುರುಲ್ ತಿಳಿದಳು, ಬಾತ್ಮಾಳೂ ತಿಳಿದಳು.

ಕುರಿ ಬೆಂದಿತು. ಹಾಸುಬಟ್ಟೆಯ ಮೇಲೆ ಬೂರ್ಸೋಕ್ ಎಂಬ ಹಿಟ್ಟಿನ ತುಂಡುಗಳನ್ನು ಕರಿದು ಸುರಿದಿದ್ದರು. ತೊಲೊಗೊನ್ ಬಂದಿದ್ದ, ನಾಲ್ಕಾರು ಹಿರಿಯರು, ತೊಟ್ಟಿಲ ಪಟ್ಟಿ ಒಯ್ದಿದ್ದ ಹೆಂಗಸರು ಬಂದಿದ್ದರು. ಒರೊಜಾಲಿಯನ್ನು ಕಂಬಳಿ ಸುತ್ತಿ ಗೋಡೆಗೆ ಒರಗಿಸಿ ಮೇಲ್ಗಡೆ ಕೂರಿಸಿದ್ದರು, ತಲೆಗೆ ಬಿಳಿ ಉಣ್ಣೆಯ ಟೋಪಿ. ಬುರುಲ್ ಹೊಸದೊಂದು ಕೈಚೀಲ ಅವನ ಮುಂದಿಟ್ಟಳು. ಮುಚ್ಚಳದ ಮೇಲೆ ಟಗರಿನ ಕೊಂಬು, ಅಂಚಿಗೆ ಅಕ್ಕಿಕಾಳಿನಂಥ ಹೊಲಿಗೆ.

ಮುದುಕ ಚಾಕು ಹಿಡಿಯಲಾರ. ಅವನ ಬದಲು ತೊಲೊಗೊನ್ ಕತ್ತರಿಸಿದ, ಕುದುರೆಯ ಲಗಾಮು ಎಳೆಯುವ ಎರಡೂ ಕೈಯಿಂದ ಜಗ್ಗಿದ, ಮುಖ ಕೆಂಪು ಮಾಡಿಕೊಂಡ. "ಅಯ್ಯೋ, ನನ್ನ ಸೊಂಟ ಬಿಚ್ಚುತ್ತೆ, ಇದು ಬಿಚ್ಚಲ್ಲ," ಎಂದ. ಎಲ್ಲರೂ ನಕ್ಕರು. ಒಬ್ಬ ಹಿರಿಯ, "ಆಯ್ತು ಉಸ್ತಾ, ಕೊಟ್ಟುಬಿಡಿ, ಮಾಂಸ ಆರುತ್ತೆ," ಎಂದ.

ಎಲ್ಲರೂ ಅಂಗೈ ಮೇಲೆ ಮಾಡಿ ಕೈಯೆತ್ತಿದರು.

ಒರೊಜಾಲಿ ಎಡಗೈ ಎತ್ತಿದ. ಅದು ಸರಿಯಾಗಿಯೇ ಇತ್ತು, ಅಂಗೈ ಆಕಾಶಕ್ಕೆ. ಹಾಗೆ ಬಿಟ್ಟಿದ್ದರೆ ಒಂದು ಕೈಯ ಬಾತಾ ಎಂದು ಯಾರೂ ಆಡಿಕೊಳ್ಳುತ್ತಿರಲಿಲ್ಲ. ಆದರೆ ಅವನು ಅರ್ಧ ಕೆಲಸ ಮಾಡುವವನಲ್ಲ. ಬಲಗೈಯನ್ನೂ ಎತ್ತಲು ಹೆಣಗಿದ. ಅದು ಏಳಲಿಲ್ಲ. ಎಡಗೈಯನ್ನು ಮಗುಚಿ, ಬಲ ಮಣಿಕಟ್ಟಿಗೆ ಮೇಲಿನಿಂದ ಕೊಕ್ಕೆ ಹಾಕಿ, ಹಲ್ಲು ಕಚ್ಚಿ ಎತ್ತಿದ. ಕೈಗಳೆರಡೂ ಒಟ್ಟಿಗೆ ಮೇಲೆದ್ದವು. ಎರಡರ ಬೆನ್ನೂ ಮೇಲಕ್ಕೆ, ಎರಡರ ಅಂಗೈಯೂ ನೆಲಕ್ಕೆ. ಬಾಯಿಂದ ಆ... ಆ... ಎಂಬ ಸದ್ದು. ಕಣ್ಣಲ್ಲಿ ನೀರು.

ಕೈಯ ಬೆನ್ನು ಮೇಲೆ ಮಾಡಿ ಕೊಡುವುದು ಬಾತಾ ಅಲ್ಲ, ತಿರುಗು ಬಾತಾ, ಶಾಪ. ಹೆತ್ತವರನ್ನು ಹೊಡೆದ ಮಗನಿಗೆ, ಗುರುವಿನ ಮನೆ ಕದ್ದವನಿಗೆ ಕೊಡುವುದು. ಆ ಜನ ಅದನ್ನು ಕಥೆಯಲ್ಲಿ ಕೇಳಿದ್ದರೇ ಹೊರತು ಕಣ್ಣಿಂದ ಕಂಡವರಲ್ಲ. ಎತ್ತಿದ ಕೈಗಳು ಎತ್ತಿದಲ್ಲೇ ನಿಂತವು. ಯಾರೂ ಆಮೀನ್ ಎನ್ನಲಿಲ್ಲ. ಯಾರೂ ಮುಖಕ್ಕೆ ಕೈ ಸವರಿಕೊಳ್ಳಲಿಲ್ಲ.

ಸವರಿಕೊಂಡವಳು ಬುರುಲ್ ಒಬ್ಬಳೇ. ಅವಳು ಮುದುಕನ ಕೈ ನೋಡುತ್ತಿರಲಿಲ್ಲ. ಆ ಕೈ ಹಾಗೆಯೇ ಇರುವುದೆಂದು ಅವಳಿಗೆ ದಿನಾ ನೋಡಿ ಗೊತ್ತಿದ್ದದ್ದೇ, ಅದರಲ್ಲಿ ನೋಡುವುದೇನಿತ್ತು? ಅವನ ಮುಖ ನೋಡುತ್ತಿದ್ದಳು. ಕೈ ಇಳಿದಾಗ ಆಮೀನ್ ಎಂದು ಹಣೆಯಿಂದ ಗದ್ದದವರೆಗೆ ಎರಡೂ ಕೈ ಎಳೆದುಕೊಂಡಳು. ಆಮೇಲೆ ಸುತ್ತ ನೋಡಿದಳು.

ಬಾತ್ಮಾ ಹಾಸುಬಟ್ಟೆಯ ಅಂಚನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದಳು, ತಾನೇನು ಮಾಡುತ್ತಿದ್ದೇನೆಂದು ಅವಳಿಗೇ ಗೊತ್ತಿದ್ದಂತಿರಲಿಲ್ಲ. ಬೂರ್ಸೋಕ್‌ಗಳು ಉರುಳಿದವು.

"ಅದು ಲಕ್ವ ಅವ್ವ," ಎಂದಳು ಬುರುಲ್. "ಕೈ ತಿರುಗಲ್ಲ, ನಿಮಗೇ ಗೊತ್ತಲ್ಲ."

"ಎಡಗೈ ತಿರುಗುತ್ತಲ್ಲೇ," ಎಂದಳು ಬಾತ್ಮಾ. "ಎಡಗೈ ಚೆನ್ನಾಗಿದೆಯಲ್ಲ."

ಮಾಂಸ ತಿಂದರು. ಯಾರೂ ಎದ್ದುಹೋಗಲಿಲ್ಲ, ಕೆಟ್ಟ ಮಾತಾಡಲಿಲ್ಲ. ಹೊರಡುವಾಗ ಹೆಂಗಸರು ಅವಳ ಹೆಗಲು ತಟ್ಟಿದರು, ಸತ್ತ ಮನೆಯಲ್ಲಿ ತಟ್ಟುವ ಹಾಗೆ.

ಕೆಲವೇ ದಿನಗಳಲ್ಲಿ ತೊಲೊಗೊನ್‌ನ ಕುದುರೆ ದಿನ ತುಂಬದೆ ಕಂದು ಹಾಕಿತು. ಹಿಮ ಬೇಗ ಬಿದ್ದಿತ್ತು, ಕುದುರೆ ಜಾರಿ ಬಿದ್ದಿತ್ತು, ಅದನ್ನು ಅವನೇ ಹೇಳಿದ. ಹೇಳುತ್ತಲೇ ಕುತ್ತಿಗೆಪಟ್ಟಿಯನ್ನು ತಂದು ಅವಳ ಗೇಟಿನ ಗೂಟಕ್ಕೆ ತೂಗುಹಾಕಿದ.

"ತಪ್ಪು ತಿಳ್ಕೋಬೇಡಮ್ಮ. ನಾನು ಇವನ್ನೆಲ್ಲ ನಂಬೋನಲ್ಲ."

"ನಂಬದಿದ್ರೆ ತಂದಿದ್ದ್ಯಾಕೆ ಅಣ್ಣ?"

ತೊಲೊಗೊನ್ ಟೋಪಿ ಎತ್ತಿ ತಲೆ ಕೆರೆದುಕೊಂಡ. ಯಾವಾಗಲೂ ಬಾಯ್ತುದಿಯಲ್ಲೇ ಇರುತ್ತಿದ್ದ ತಮಾಷೆ ಅವತ್ತು ಸಿಗಲಿಲ್ಲ. "ಕುದುರೆ ನಂಬುತ್ತೇನೋ," ಎಂದು ಗೊಣಗಿ ಹೋದ.

ಆಮೇಲೆ ಒಂದೊಂದಾಗಿ ಬಂದವು. ಬೆಳಿಗ್ಗೆ ಎದ್ದು ನೋಡಿದರೆ ಗೇಟಿನ ಮೇಲೆ ತೊಟ್ಟಿಲ ಪಟ್ಟಿ. ಇನ್ನೊಂದು ದಿನ ತಾಯಿತ, ತೊಳೆದು ಒರೆಸಿ ಬಟ್ಟೆಯಲ್ಲಿ ಸುತ್ತಿ. ಹೊಸ ಕೆಲಸ ಕೇಳಿ ಯಾರೂ ಬರಲಿಲ್ಲ. ಬುರುಲ್ ಜಗಳಕ್ಕೆ ಹೋದಳು, ಮನೆ ಮನೆಗೆ ಹೋಗಿ, "ಕೈಗೆ ರೋಗ ಬಂದ್ರೆ ಅದು ಶಾಪ ಆಗುತ್ತೇನ್ರಿ? ತಲೆ ಇದೆಯಾ ನಿಮಗೆ?" ಎಂದು ಕೂಗಾಡಿದಳು. ಎಲ್ಲರೂ ಹೌದು ಹೌದು, ರೋಗವೇ, ಎಂದು ಒಪ್ಪಿಕೊಂಡರು. ಚಹಾ ಕೊಟ್ಟರು. ಬೈದು ಓಡಿಸಿದ್ದರೆ ಅವಳಿಗೆ ಹೋರಾಡಲು ಎದುರಿಗೆ ಒಂದು ಮುಖವಾದರೂ ಸಿಗುತ್ತಿತ್ತು. ಸಿಗಲಿಲ್ಲ.

ಮತ್ತೊಮ್ಮೆ ಕೊಡಿಸಿ ಎಂದು ಬಾತ್ಮಾಳನ್ನು ಕೇಳಿದಳು. ಈ ಸಲ ತಾನೇ ಕೈ ಹಿಡಿದು ತಿರುಗಿಸುತ್ತೇನೆ, ಅಂಗೈ ಮೇಲೆ ಹಿಡಿದಿರುತ್ತೇನೆ ಎಂದಳು.

"ನೀನೇ ಹಿಡಿದು ತಿರುಗಿಸಿದ್ರೆ ಅದು ಯಾರ ಬಾತಾ ಆಗುತ್ತೆ ಮಗಳೇ?" ಎಂದಳು ಬಾತ್ಮಾ.

ಬಾತ್ಮಾ ನೀರಿಗೆ ಹೋದ ಸಮಯ ನೋಡಿ ಅವಳು ಒರೊಜಾಲಿಯ ಮುಂದೆ ಕೂತಳು. ಎಂದಿನ ಹಾಗೆ ಕೊಬ್ಬು ಸವರಿ ಬಲಗೈಯ ಬೆರಳುಗಳನ್ನು ಬಿಡಿಸಿದಳು. "ಉಸ್ತಾ, ಒಂದೇ ಮಾತು. ನನ್ನ ಕೆಲಸ ಸರಿಯಿಲ್ಲ ಅಂತ ಹಾಗೆ ಮಾಡಿದ್ರಾ? ಹೆಂಗಸು ಈ ಕೆಲಸ ಮಾಡಬಾರದು ಅಂತ ಒಳಗೇ ಇತ್ತಾ ನಿಮಗೆ? ಇಲ್ಲ ಅಂದ್ರೆ ಎಡಗೈಯಿಂದ ನೆಲ ತಟ್ಟಿ. ಸಾಕು."

ಮುದುಕ ಅವಳನ್ನು ನೋಡಿದ. ಬಾಯಿ ತೆರೆದ. ಅತ್ತ. ಹೊರಗೆ ಕುರಿಯೊಂದು ಅರಚಿತು, ಅದಕ್ಕೂ ಅತ್ತ. ಎಡಗೈ ಕಂಬಳಿಯ ಮೇಲೆ ಅಲುಗಾಡಿತು, ತಟ್ಟಿದ್ದೋ, ಅಳುವಿನ ನಡುಕವೋ. ಬುರುಲ್ ಬಗ್ಗಿ ಕಂಬಳಿಗೆ ಕಿವಿಗೊಟ್ಟಳು. ಕೈ ಕಿವುಡಾದರೆ ಕಿವಿಯಲ್ಲಿ ಕೇಳು ಎಂದವನು ಅವನೇ. ಏನೂ ಕೇಳಿಸಲಿಲ್ಲ. ಬಾತ್ಮಾ ಕೊಡ ಹೊತ್ತು ಒಳಗೆ ಬಂದಳು.

ಹಿಮ ಗಟ್ಟಿಯಾಗುವ ಹೊತ್ತಿಗೆ ಎರಡನೆಯ ಸಲ ಲಕ್ವ ಹೊಡೆದು ಮುದುಕ ಸತ್ತ. ಬಿಶ್ಕೆಕ್‌ನಿಂದ ಬಂದ ಮಗ ಅಚ್ಚುಗಳನ್ನೂ ದಬ್ಬಳಗಳನ್ನೂ ಕೆರೆಯ ದಂಡೆಯ ಪ್ರವಾಸಿ ಬಿಡಾರದವರಿಗೆ ಕೊಟ್ಟ. ಅಲ್ಲಿ ಅವನ್ನು ಗೋಡೆಗೆ ಮೊಳೆ ಹೊಡೆದು ಅಂದಕ್ಕೆ ತೂಗುಹಾಕಿದ್ದಾರೆ. ಬುರುಲ್‌ಗೆ ಒಂದು ದಬ್ಬಳ ಕೊಡೋಣವೇ ಎಂದು ಮಗ ತಾಯಿಯನ್ನು ಕೇಳಿದನಂತೆ. ಬಾತ್ಮಾ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಮಗ ಎಲ್ಲವನ್ನೂ ಡಿಕ್ಕಿಗೆ ಹಾಕಿಕೊಂಡು ಹೋದ.

ಮಾಸ್ಕೋಗೆ ಹೊರಡುವ ಹಿಂದಿನ ದಿನ ಬುರುಲ್ ಗೇಟಿಗೆ ಬಂದಿದ್ದ ವಸ್ತುಗಳನ್ನೆಲ್ಲ ನೆಲದ ಮೇಲೆ ಸುರಿದುಕೊಂಡಳು. ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಹೊಡೆದಿದ್ದಳು, ಅದು ಗಾಳಿಗೆ ಬಡಿದುಕೊಳ್ಳುತ್ತಿತ್ತು. ಒಂದು ತಾಯಿತ ತೆಗೆದು ನಡುವಿನ ಹೊಲಿಗೆ ಕತ್ತರಿಸಿ ಜಗ್ಗಿದಳು. ನಿಂತಿತು. ತೊಟ್ಟಿಲ ಪಟ್ಟಿ ಜಗ್ಗಿದಳು. ನಿಂತಿತು. ಕುತ್ತಿಗೆಪಟ್ಟಿಯನ್ನು ಕಾಲಡಿ ಇಟ್ಟು ಬೆನ್ನು ನೆಟ್ಟಗಾಗುವವರೆಗೆ ಎಳೆದಳು. ಒಂದಾದರೂ ಬಿಚ್ಚಿಕೊಳ್ಳಲಿ ಎಂದು ಹುಡುಕುತ್ತಿದ್ದಳು. ಒಂದು ಬಿಚ್ಚಿಕೊಂಡಿದ್ದರೆ ಸಾಕಾಗಿತ್ತು, ನನ್ನ ಹೊಲಿಗೆ ಸರಿಯಿರಲಿಲ್ಲ, ಅದಕ್ಕೇ ಹಾಗೆ ಮಾಡಿದ ಎಂದುಕೊಳ್ಳಬಹುದಿತ್ತು. ಆ ಕಾರಣ ಹಿಡಿದುಕೊಂಡು ಬದುಕಬಹುದಿತ್ತು. ಯಾವುದೂ ಬಿಚ್ಚಿಕೊಳ್ಳಲಿಲ್ಲ.

ಒಲೆಗೂ ಹಾಕಲಿಲ್ಲ. ಬಿಚ್ಚಿಕೊಳ್ಳದ್ದನ್ನು ಒಲೆಗೆ ಹಾಕಿ ಅವಳಿಗೆ ಅಭ್ಯಾಸವಿರಲಿಲ್ಲ. ಹಾಗೆಯೇ ನೆಲದ ಮೇಲೆ ಬಿಟ್ಟು ಬಾಗಿಲು ಎಳೆದುಕೊಂಡಳು.

ಬಿಶ್ಕೆಕ್ ಬಸ್ಸಿನವರೆಗೆ ತೊಲೊಗೊನ್ ತನ್ನ ಹಳೆ ಕಾರಿನಲ್ಲಿ ಬಿಡುವುದೆಂದು ಆಗಿತ್ತು. ಹೊರಡುವ ಹೊತ್ತಿಗೆ ಬಾತ್ಮಾ ಕರಿಯ ತಲೆವಸ್ತ್ರ ಸುತ್ತಿಕೊಂಡು ಹಿಮ ತುಳಿಯುತ್ತ ಗೇಟಿನ ಹತ್ತಿರ ಬಂದಳು. ಮಡಿಲಲ್ಲಿ ಬಿಸಿ ರೊಟ್ಟಿ ಕಟ್ಟಿಕೊಂಡು ಬಂದಿದ್ದಳು.

"ಅಲ್ಲಿ ಬಿಸಿನೀರಲ್ಲಿ ಕೈ ಇಡು, ತಣ್ಣೀರಲ್ಲಿ ಇಡಬೇಡ," ಎಂದಳು. "ಹಾಳಾದ ಆ ಕೊಳವೆ ಕೆಳಗೆ ಮಲಗಬೇಡ."

"ಆಯ್ತು ಅವ್ವ."

"ದಾರಿಗೊಂದು ಬಾತಾ ತಗೊಂಡು ಹೋಗು. ಹಾಗೇ ಹೋಗಬಾರದು."

ಮುದುಕಿ ಎರಡೂ ಅಂಗೈ ಎತ್ತಿದಳು, ಸರಿಯಾಗಿ, ಆಕಾಶಕ್ಕೆ. ದಾರಿ ಸುಗಮವಾಗಲಿ, ಹೋದ ಕಡೆ ಒಳ್ಳೆಯವರು ಸಿಗಲಿ, ಕ್ಷೇಮವಾಗಿ ತಿರುಗಿ ಬಾ ಎಂದು ಹೇಳಿದಳು. ತೊಲೊಗೊನ್ ಸ್ಟೇರಿಂಗಿನಿಂದ ಕೈ ತೆಗೆದು ಅವನೂ ಎತ್ತಿದ. ಬಾತ್ಮಾ ಆಮೀನ್ ಎಂದು ಮುಖ ಸವರಿಕೊಂಡಳು, ತೊಲೊಗೊನ್ ಸವರಿಕೊಂಡ. ಇಬ್ಬರೂ ಬುರುಲ್‌ಳನ್ನು ನೋಡಿದರು.

ಬುರುಲ್ ಕೋಟಿನ ಜೇಬಿನಿಂದ ಕೈ ಹೊರಗೆ ತೆಗೆದಿರಲಿಲ್ಲ.

"ಹೊರಡೋಣ್ವಾ?" ಎಂದ ತೊಲೊಗೊನ್.

"ಹೊರಡಿ ಅಣ್ಣ."